ಅಕ್ಕನ ಬೆನ್ನಿನ ಸಲಾಕೆ

ಅಕ್ಕನನ್ನು ಒಂದು ಮಾತು ಕೇಳಬೇಕಾಗಿತ್ತು. ಹತ್ತು ಹೆಜ್ಜೆ ದೂರದ ಆಸ್ಪತ್ರೆಯ ಮಂಚದ ಮೇಲೆ ಅವಳು ಎಚ್ಚರವಾಗಿಯೇ ಇದ್ದಳು. ನಾನು ಕೇಳಲಿಲ್ಲ.

ಶಾಂತಕ್ಕ ಶಹಾಬಾದಿನ ಫರ್ಸಿ ಕಾರ್ಖಾನೆಯಲ್ಲಿ ಕಲ್ಲು ಆರಿಸುವವಳು. ನೆಲಕ್ಕೆ ಹಾಸುವ ಕಲ್ಲನ್ನು ಗಾಡಿಗೆ ಏರಿಸುವ ಮುಂಚೆ ಒಂದೊಂದನ್ನೂ ನಿಲ್ಲಿಸಿ ಕಬ್ಬಿಣದ ಬೋಲ್ಟಿನಿಂದ ಮೆಲ್ಲಗೆ ತಟ್ಟುವಳು. ಗಟ್ಟಿ ಕಲ್ಲು ಗಂಟೆಯಂತೆ ದನಿ ಕೊಡುತ್ತದೆ. ಒಳಗೆ ಬಿರುಕಿದ್ದರೆ ಬದ್ ಎಂದು ಸುಮ್ಮನಾಗುತ್ತದೆ. ತಟ್ಟುವಾಗ ಅವಳು ಕಣ್ಣು ಮುಚ್ಚುವಳು, ಬಾಯಲ್ಲಿ ಎಲೆಯಡಿಕೆ ಇದ್ದರೆ ಅಗಿಯುವುದನ್ನೂ ನಿಲ್ಲಿಸುವಳು. "ಕಣ್ಣು ಪಾಲಿಶ್‌ಗಿ ಮರುಳಾಗತದ, ಕಿವಿ ಆಗಂಗಿಲ್ಲ" ಅನ್ನುವುದು ಅವಳ ಮಾತು.

ಆ ಬೋಲ್ಟು ಸೆರಗಿನ ತುದಿಯಲ್ಲಿ ಯಾವಾಗಲೂ ಇರುತ್ತಿತ್ತು. ಸಂತೆಯಲ್ಲಿ ಮಡಕೆ ತಟ್ಟುವಳು, ಕಲ್ಲಂಗಡಿ ತಟ್ಟುವಳು. ನನಗೆ ಹೆಣ್ಣು ನೋಡಲು ಕುರಕುಂಟಾಕ್ಕೆ ಹೋದಾಗ ಅವರ ಮನೆಯ ಹೊಸ್ತಿಲನ್ನೂ ತಟ್ಟಿಬಿಟ್ಟಳು. ಹುಡುಗಿಯ ತಾಯಿ ಹುಬ್ಬು ಗಂಟಿಕ್ಕಿದರು. "ಕಲ್ಲು ಛಲೋ ಅದರಿ, ಮಂದಿನೂ ಛಲೋ ಇರಬೇಕು" ಅಂದು, ಅವರನ್ನು ನಗಿಸಿ, ಮದುವೆ ಗೊತ್ತುಮಾಡಿಕೊಂಡೇ ಎದ್ದಳು.

ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟಾಗ ತನ್ನ ವಿದ್ಯೆ ನನಗೂ ಬರಲಿ ಎಂದು ಅವಳಿಗೆ ಆಸೆಯಿತ್ತು. ನನ್ನ ಕಣ್ಣಿಗೆ ಟವೆಲ್ ಕಟ್ಟಿ ಹತ್ತು ಕಲ್ಲು ತಟ್ಟಿಸಿದಳು. ನಾಲ್ಕಕ್ಕೆ ಮಾತ್ರ ಸರಿ ಹೇಳಿದೆ. ಮಳೆಗಾಲವಿಡೀ ಕಲಿಸಿದರೂ ಆ ನಾಲ್ಕು ಐದಾಗಲಿಲ್ಲ. "ನಿನ್ನ ಕಿವಿ ಮಜ್ಜಿಗಿ ಕುಡದಾವೋ. ಹೋಗು, ಟೆಂಪೋ ನಡಸು. ಹಾರ್ನ್ ಆದ್ರೂ ಕೇಳಸ್ತದ" ಅಂದಳು. ಅಂದಿನಿಂದ, ಮೊದಲು ಕ್ಲೀನರಾಗಿ, ದೊಡ್ಡವನಾದ ಮೇಲೆ ಡ್ರೈವರಾಗಿ, ನಾನು ಅವಳು ಆರಿಸಿದ ಕಲ್ಲನ್ನು ವಾಡಿ, ಚಿತ್ತಾಪುರ, ಸೇಡಂ ಎಂದು ಹೊತ್ತು ತಿರುಗಿದವನು.

ಒಮ್ಮೆ ಕಾರ್ಖಾನೆಯ ಸೇಠ್ ಅವಳು ಬೇಡವೆಂದ ಕಲ್ಲನ್ನೇ ಗಾಡಿಗೆ ಹಾಕಿಸಿದ. "ಬಾಯಿ, ಕಲ್ಲಿಗೂ ನಾಡಿ ನೋಡಾಕತ್ತೀಯೇನು?" ಎಂದು ನಕ್ಕ. ಚಂದಾಪುರದಲ್ಲಿ ಅದನ್ನು ಅಡುಗೆಕಟ್ಟೆಗೆ ಕೂರಿಸಿ, ಮನೆಯವರು ಮೇಲೊಂದು ಕುಕ್ಕರ್ ಇಟ್ಟರು; ಕಲ್ಲು ಎರಡಾಯಿತು. ಮರುದಿನದಿಂದ ಸೇಠ್ ಅವಳು ರಜೆ ಹಾಕಿದರೆ ಲೋಡೇ ನಿಲ್ಲಿಸುತ್ತಿದ್ದ.

ಅಂಥವಳ ಬೆನ್ನುಮೂಳೆಯಲ್ಲಿ ಗಡ್ಡೆ ಬೆಳೆಯಿತು. ಭಾವ ಮೊದಲೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹೈದರಾಬಾದಿಗೆ ನಾನೇ ಕರೆದೊಯ್ದೆ. ಡಾಕ್ಟರು ನನ್ನನ್ನು ಕೋಣೆಗೆ ಕರೆದು, ಗಡ್ಡೆ ತೆಗೆದ ಮೇಲೆ ಮೂಳೆ ಕುಸಿಯದಂತೆ ಎರಡು ಸಲಾಕೆ, ಸ್ಕ್ರೂ ಹಾಕಬೇಕು ಎಂದರು. ಮೇಜಿನ ಮೇಲೆ ಎರಡು ನಮೂನೆ ಇಟ್ಟರು. ಒಂದು ಟೈಟಾನಿಯಂ, ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಲೋಹ. ಇನ್ನೊಂದು ಕಾರ್ಬನ್ ಎಳೆಗಳದು, ಕಪ್ಪಗೆ, ಬಾಚಣಿಕೆಯಷ್ಟು ಹಗುರ. ಹಿಡಿದು ನಿಲ್ಲಿಸುವುದಕ್ಕೆ ಎರಡೂ ಸಾಕು. ಆದರೆ ಲೋಹದ ಸುತ್ತ ಸ್ಕ್ಯಾನಿನಲ್ಲಿ ನೆರಳು ಬೀಳುತ್ತದೆ, ಕಾರ್ಬನ್ ಆದರೆ ಗಡ್ಡೆ ಮತ್ತೆ ಬಂದರೆ ಬೇಗ ಕಾಣಬಹುದು, ಕಿರಣ ಚಿಕಿತ್ಸೆ ಕೊಡುವುದೂ ಸಲೀಸು ಎಂದು ಬಿಡಿಸಿ ಹೇಳಿದರು. ಯಾವುದನ್ನು ಆರಿಸಿದರೂ ಖರ್ಚು ಆಸ್ಪತ್ರೆಯ ನಿಧಿಯಿಂದಲೇ ಆಗುತ್ತಿತ್ತು. ಬಡತನದ ನೆಪವೂ ನನಗಿಲ್ಲ. ಅಕ್ಕನವರನ್ನು ಕೇಳಿ ಹೇಳಿ ಎಂದು ಡಾಕ್ಟರು ರೌಂಡಿಗೆ ಎದ್ದರು.

ಒಬ್ಬನೇ ಉಳಿದೆ. ಎರಡನ್ನೂ ಮೇಜಿನ ಅಂಚಿಗೆ ತಟ್ಟಿ ನೋಡಿದೆ. ಟೈಟಾನಿಯಂ ಠಣ್ ಎಂದಿತು. ಕಪ್ಪು ಸಲಾಕೆ ಬದ್ ಎಂದಿತು. ಬಿರುಕುಬಿಟ್ಟ ಕಲ್ಲಿನ ದನಿ ಅದು. ಅಂಥದ್ದನ್ನು ಅಕ್ಕನ ಬೆನ್ನಿಗೆ ಹಾಕಿಸಲೇ? ಡಾಕ್ಟರು ಹೇಳಿದ್ದೆಲ್ಲ ಆ ಒಂದು ಸದ್ದಿನಲ್ಲಿ ಕೊಚ್ಚಿಹೋಯಿತು. ನರ್ಸ್ ಕೈಲಿ ಒಪ್ಪಿಗೆ ಕಾಗದದ ಮೇಲೆ ಟೈಟಾನಿಯಂ ಎಂದು ಬರೆಸಿ, ಸಹಿಗೆ ಅಕ್ಕನ ಮುಂದೆ ಹಿಡಿದೆ. ಎಲ್ಲಾ ಕೇಳಿ ತಿಳಕೊಂಡಿಯಲ್ಲ ಎಂದಳು. ಹೂಂ ಅಂದೆ. ಡಾಕ್ಟರು ಬಂದು ಕೇಳಿದಾಗ, ಅಕ್ಕನೂ ಇದನ್ನೇ ಅಂದಳು ಎಂದೆ.

ಆಪರೇಶನ್ ಚೆನ್ನಾಗಿಯೇ ಆಯಿತು. ಅಕ್ಕ ನಡೆದಳು, ಕಾರ್ಖಾನೆಗೂ ಹೋದಳು. ಸ್ಟೂಲಿನ ಮೇಲೆ ಕೂತು ಕಲ್ಲು ತಟ್ಟಿದಳು. ವರ್ಷ ತುಂಬುವುದರೊಳಗೆ ನೋವು ಮರಳಿತು. ಸ್ಕ್ಯಾನಿನಲ್ಲಿ ಸ್ಕ್ರೂಗಳ ಸುತ್ತ ಬರೀ ನೆರಳು, ಖಚಿತವಾಗಿ ಹೇಳಲಾಗದು, ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ಆ ಎರಡು ತಿಂಗಳಲ್ಲಿ ಗಡ್ಡೆ ಮತ್ತೆ ಬೆಳೆದು ಕಾಲುಗಳ ಶಕ್ತಿ ಹೋಯಿತು. ಅಕ್ಕ ಉಳಿಯಲಿಲ್ಲ. ಕಾರ್ಬನ್ ಹಾಕಿದ್ದರೆ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಕೇಳಿದೆ. ಹಾಗೆ ಯಾರೂ ಹೇಳಲಾರರು ಎಂದರು. ಅವರು ಒಳ್ಳೆಯವರು. ನನಗೆ ಮಾತ್ರ ಆ ಎರಡು ತಿಂಗಳು ಮರೆಯುವುದಿಲ್ಲ.

ಅಕ್ಕ ಹೋಗಿ ಎರಡು ವರ್ಷ. ಕಾರ್ಖಾನೆಯಲ್ಲಿ ಈಗ ಬೇರೊಬ್ಬಳು ತಟ್ಟುತ್ತಾಳೆ. ಲೋಡ್ ಆಗುವವರೆಗೆ ನಾನು ಗಾಡಿಯ ಗಾಜು ಏರಿಸಿ ಕೂರುತ್ತೇನೆ. ಅಕ್ಕನ ಹಾಗೆ ಯಾರಾದರೂ ಗಾಜಿನಾಚೆ ನಿಂತು, ಕಿವುಡಾ, ಇಳಿಯೋ ಕೆಳಗ ಎಂದು ಬೈಯಲಿ ಅನಿಸುತ್ತದೆ.

ಅಕ್ಕ ಬದುಕಿದ್ದ ಕಡೆಯ ವಾರ ಒಂದು ಮಧ್ಯಾಹ್ನ ಅವಳಿಗೆ ಗಂಜಿ ಕುಡಿಸುತ್ತಿದ್ದೆ. ತಡೆಯಲಾಗಲಿಲ್ಲ. ಎರಡು ಸಲಾಕೆಯ ವಿಷಯ, ನಾನು ತಟ್ಟಿ ಆರಿಸಿದ್ದು, ಎಲ್ಲ ಹೇಳಿದೆ. ಅಕ್ಕ ನನ್ನನ್ನೇ ನೋಡಿದಳು.

"ನೀ ಬಡದು ನೋಡಿದ್ಯಾ? ನೀನು?"

ನಕ್ಕಳು. ನಗು ಕೆಮ್ಮಾಯಿತು. ನೀರು ಕುಡಿಸಿದೆ.

"ನಾನಾದ್ರೂ ಬಡೀತಿದ್ದಿಲ್ಲೋ. ಅದೇನು ಕಲ್ಲೇನು, ಕಲ್ಲಿನಂಗ ಮಾತಾಡಾಕ? ಡಾಕ್ಟರ್‌ಗಿ ಇನ್ನೊಂದು ಸಲ ಕೇಳತಿದ್ದೆ."

ಆಮೇಲೆ ಗೋಡೆಯ ಕಡೆ ಮುಖ ಮಾಡಿ, "ಬೆನ್ನು ನಂದಿತ್ತಲ್ಲ ತಮ್ಮಾ" ಅಂದಳು.

ಗಂಜಿಯ ಬಟ್ಟಲು ಕೆಳಗಿಟ್ಟೆ. ಅವಳ ಕಾಲು ಮುಟ್ಟಿದೆ. ಮುಟ್ಟಿದ್ದು ಅವಳಿಗೆ ತಿಳಿಯಲಿಲ್ಲ. ಅದಕ್ಕೇ ಬಾಯಿಬಿಟ್ಟು ಹೇಳಿದೆ.

"ಅಕ್ಕಾ, ನಿನಗ ಕೇಳಬೇಕಿತ್ತು. ಕೇಳಲಿಲ್ಲ. ಕೇಳೀನಿ ಅಂತ ಡಾಕ್ಟರ್‌ಗಿ ಸುಳ್ಳು ಹೇಳಿದೆ. ಭಾಳ ತಪ್ಪಾಗ್ಯಾದ ನಂದು. ಮಾಫ್ ಮಾಡು."