ಹುಣಸೆಹುಳಿಯಲ್ಲಿ ತೊಳೆದ ಕರೆಂಟ್ ಪೇಟಿ

ಮನ್ಮಥಪ್ಪ ಕಟ್ಟಿದ ಕರೆಂಟ್ ಪೇಟಿಯನ್ನು ಕೆಡಿಸಿದವಳು ನಾನು. ಹುಣಸೆಹುಳಿ ಹಚ್ಚಿ ತಿಕ್ಕಿ, ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಇದ್ದಲ್ಲಿಯೇ ಇಟ್ಟುಬಿಟ್ಟೆ. ಕೇಳಿದಾಗ ಸುಳ್ಳು ಹೇಳಿದೆ. ಅದಾಗಿ ಮೂವತ್ತೈದು ವರ್ಷ.

ಇಷ್ಟು ಸಂತೋಷದಲ್ಲಿ ಯಾರಾದರೂ ತಪ್ಪು ಒಪ್ಪಿಕೊಳ್ಳುತ್ತಾರೋ ಇಲ್ಲವೋ, ನನಗೆ ತಿಳಿಯದು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಇಂಥದ್ದನ್ನು ಅಳುತ್ತ ಬರೆಯಬೇಕೋ ನಗುತ್ತ ಬರೆಯಬೇಕೋ ಯಾರೂ ಕಲಿಸಲಿಲ್ಲ. ಆದರೆ ರವಿವಾರದಿಂದ ನನ್ನ ಕಾಲು ನೆಲಕ್ಕೆ ಹತ್ತುತ್ತಿಲ್ಲ. ನನ್ನ ಮೊಮ್ಮಗಳು ಭಾಗ್ಯಶ್ರೀ ಆ ಪೇಟಿಯನ್ನು ನುಡಿಸಿದಳು — ನನ್ನ ಮೊಮ್ಮಗಳು.

ಮನ್ಮಥಪ್ಪ ನನ್ನ ಮೈದುನ, ಗಂಡನ ಬೆನ್ನಿಗೆ ಹುಟ್ಟಿದವನು. ಆಗ ನಾವೆಲ್ಲ ಮೆಹಕರದಲ್ಲಿ ಒಂದೇ ಮನೆಯಲ್ಲಿದ್ದೆವು. ಅವನು ಭಾಲ್ಕಿಯ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಊರಿನ ಭಜನಾ ಮೇಳದ ಹಾರ್ಮೋನಿಯಂ ಹಳೆಯದಾಗಿ ಗಾಳಿ ಹಿಡಿಯುತ್ತಿರಲಿಲ್ಲ. ಗಾಳಿಯೇ ಬೇಡದ ಪೇಟಿ ಕಟ್ಟುತ್ತೇನೆ, ಬ್ಯಾಟರಿ ಸೆಲ್ಲಿನ ಮೇಲೆ ಹಾಡುತ್ತದೆ ಎಂದು ಇವನು ಹಟ ಹಿಡಿದ. ಬಿಸ್ಕಿಟ್ ಡಬ್ಬಿಯೇ ಅದರ ಮೈ. ಒಡೆದ ಕೇರಂ ಬೋರ್ಡನ್ನು ಕೊಯ್ದು ಹದಿಮೂರು ಪಟ್ಟಿ ಮಾಡಿದ. ತಾಮ್ರ ಹಚ್ಚಿದ ಒಂದು ಹಲಗೆಯ ಮೇಲೆ ನನ್ನ ಉಗುರಿನ ಬಣ್ಣದಿಂದ ಗೆರೆ ಎಳೆದು, ಯಾವುದೋ ಔಷಧದ ನೀರಿನಲ್ಲಿ ಅದ್ದಿದ. ಬಣ್ಣವಿದ್ದಲ್ಲಿ ಮಾತ್ರ ತಾಮ್ರ ಉಳಿಯಿತು, ರಂಗೋಲಿಯ ಹಾಗೆ. ಶೀಶೆ ಖಾಲಿ ಮಾಡಿದನೆಂದು ಎರಡು ದಿನ ಬೈದೆ.

ಮೊದಲ ಸಲ ಅದು ಕುಂಯ್ ಎಂದಾಗ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಆದರೆ ಎಂಟು ದಿನದಲ್ಲಿ ಪೇಟಿ ಸರಿಯಾಗಿ ಸ್ವರ ಹಿಡಿಯಿತು. ಒಳಗೆ ರೊಟ್ಟಿ ಬಡಿಯುತ್ತ ನಾನೂ ಕೇಳಿದೆ — ಚೆಂದ ಇತ್ತು. ಹೇಳಲಿಲ್ಲ.

ಮಹಾನವಮಿಯ ಭಜನೆಗೆ ಇದನ್ನೇ ನುಡಿಸುತ್ತೇನೆಂದು ಊರಿಗೆಲ್ಲ ಸಾರಿ, ಅವನು ಭಾಲ್ಕಿಗೆ ಕೆಲಸಕ್ಕೆ ಹೋದ, ಹಬ್ಬಕ್ಕೇ ಮರಳುವವನಿದ್ದ. ನಮ್ಮ ಅತ್ತೆಯ ಕಟ್ಟಳೆಯೆಂದರೆ, ನವರಾತ್ರಿಯ ಮೊದಲ ದಿನ ಘಟ ಕೂಡಿಸುವ ಮುಂಚೆ ಮನೆಯಲ್ಲಿ ತೊಳೆಯದ ವಸ್ತು ಒಂದೂ ಇರಬಾರದು. ಕೌದಿ, ಗೋಣಿಚೀಲ, ಮೊರ — ಎಲ್ಲಕ್ಕೂ ನೀರು. ನಾನು ತಾಮ್ರದ ಹಂಡೆ ತಿಕ್ಕುತ್ತಿದ್ದೆ, ಕೈಯಲ್ಲಿ ಹುಣಸೆಹಣ್ಣು, ಉಪ್ಪು. ಪಕ್ಕದಲ್ಲಿ ಡಬ್ಬಿಯ ಮುಚ್ಚಳ ತೆರೆದಿತ್ತು. ಒಳಗೆ ಮಾಸಿದ ತಾಮ್ರದ ಗೆರೆಗಳು ಕಂಡವು. ತಾಮ್ರವಲ್ಲವೇ, ದೇವರ ಮುಂದೆ ಕೂಡುವ ಪೇಟಿಯಲ್ಲವೇ ಎಂದು... ಬಂಗಾರದ ಹಾಗೆ ಹೊಳೆಯುವ ತನಕ ತಿಕ್ಕಿದೆ. ಕೂದಲೆಳೆಯಂಥ ತಂತಿ ಎರಡು ಕೈಗೆ ಬಂದವು. ಒಳಗೆ ತುರುಕಿ ಮುಚ್ಚಳ ಹಾಕಿದೆ.

ಅಲ್ಲಿಯವರೆಗಿನದು ದಡ್ಡತನ. ತಪ್ಪು ಆಮೇಲಿನದು.

ಮಹಾನವಮಿಯ ದಿನ ಊರೆಲ್ಲ ಕೂತಿತ್ತು. ಮನ್ಮಥಪ್ಪ ಪಟ್ಟಿ ಒತ್ತಿದ — ಇಲ್ಲ. ಮತ್ತೆ ಒತ್ತಿದ. ತಾಳದವನು, “ಪೇಟಿನೂ ನವರಾತ್ರಿ ಉಪಾಸ ಹಿಡದದೇನೋ ಮನ್ಮಥಾ,” ಎಂದ. ನಕ್ಕವರಲ್ಲಿ ನಾನೂ ಒಬ್ಬಳು. ಮನೆಗೆ ಬಂದು ಬಿಚ್ಚಿ ನೋಡಿದರೆ, ನಾನು ಹೊಳೆಯಿಸಿದ ತಾಮ್ರ ಅಷ್ಟರಲ್ಲಿ ಹಸಿರು ಕಿಲುಬು ಹಿಡಿದಿತ್ತು.

“ವೈನಿ, ಇದಕ್ಕ ಯಾರರ ಕೈ ಹಚ್ಚಿದ್ರೇನ್ರಿ?”

“ನಾ ಅದರ ದಿಕ್ಕಿಗಿ ಸುದ್ದಾ ಹೋಗಿಲ್ಲಪಾ. ತಲಿಗಿ ನಿಲುಕಲಾರದ್ದಕ್ಕ ನೀ ಯಾಕ ಕೈ ಹಾಕ್ತಿ?”

ಸುಳ್ಳು ಒಂದೇ ಸಾಲುತ್ತಿತ್ತು. ಆ ಎರಡನೆಯ ಮಾತು ಯಾಕೆ ಸೇರಿಸಿದೆನೋ... ಔಷಧದ ನೀರನ್ನು ತಾನೇ ಸರಿಯಾಗಿ ತೊಳೆದಿರಲಿಕ್ಕಿಲ್ಲ, ಅದೇ ತಾಮ್ರವನ್ನು ತಿಂದುಹಾಕಿದೆ ಎಂದುಕೊಂಡು ಅವನು ಡಬ್ಬಿಯನ್ನು ಅಟ್ಟಕ್ಕೆ ಹಾಕಿದ. ಮತ್ತೆ ಅಂಥದ್ದೇನೂ ಕಟ್ಟಲಿಲ್ಲ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ ಕಲಿತು ಭಾಲ್ಕಿಯಲ್ಲೇ ಅಂಗಡಿ ಹಾಕಿದ. ಔರಾದ, ಚಿಂತಾಕಿ ಕಡೆಯ ರೈತರೂ ಸುಟ್ಟ ಮೋಟಾರು ಹೊತ್ತುಕೊಂಡು ಅವನಲ್ಲಿಗೆ ಬರುತ್ತಾರೆ. ನಗುನಗುತ್ತ ಬಾಳಿದ ಮನುಷ್ಯ. ಆದರೆ ನನ್ನ ಮಾತನ್ನು ಬಿಡಲಿಲ್ಲ. ಭಾಗ್ಯಶ್ರೀ ಬೀದರದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತೇನೆ ಎಂದಾಗ ಅವಳ ತಲೆ ಸವರಿ, “ಬ್ಯಾಡವ್ವ, ನಮ್ಮ ಮನಿ ಮಂದಿ ತಲಿಗಿ ಅದು ನಿಲುಕಲ್ಲ,” ಎಂದ. ಎದುರಿಗೇ ಜೋಳ ಹಸನು ಮಾಡುತ್ತ ಕೂತಿದ್ದೆ. ತಲೆ ಎತ್ತಲಿಲ್ಲ. ಅದು ಎರಡನೆಯ ಸುಳ್ಳು.

ನನ್ನ ಬಂಗಾರ ಯಾರ ಮಾತು ಕೇಳಿಯಾಳು — ಓದಿಯೇ ಓದಿದಳು. ಹೋದ ತಿಂಗಳು ಮೆಹಕರದ ಹಳೆಯ ಮನೆಯ ಅಟ್ಟ ಇಳಿಸುವಾಗ ಆ ಡಬ್ಬಿ ಸಿಕ್ಕಿತು. ಈಗ ನಾವಿರುವ ಬೀದರದ ಮನೆಗೆ ತಂದು ಅಡುಗೆಕಟ್ಟೆಯ ಮೇಲೆ ಬಿಚ್ಚಿದಳು. ನಾವು ಕರೆಂಟ್ ಪೇಟಿ ಎನ್ನುತ್ತಿದ್ದುದಕ್ಕೆ ಸಿಂಥಸೈಜರ್ ಎನ್ನುತ್ತಾರಂತೆ. ಕೈಯಿಂದ ಕಟ್ಟಿದ ಹಳೆಯವನ್ನು ಹುಡುಕಿ ಹುಡುಕಿ ಇಟ್ಟುಕೊಳ್ಳುವವರಿದ್ದಾರಂತೆ. ಚಿಮಟಿಗೆಯಿಂದ ಕಂದು ಎಳೆಯೊಂದನ್ನು ಎತ್ತಿ ಹಿಡಿದು, “ಆಯಿ, ಇದು ಹುಣಸಿ ನಾರು. ಇದರಾಗ ಹ್ಯಾಂಗ ಬಂತು?” ಎಂದಳು. ಒಲೆಯ ಮೇಲಿನ ಹಾಲು ಉಕ್ಕಿತೆಂದು ಎದ್ದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಅವಳು ಹಳೆಯ ಗೆರೆಗಳನ್ನು ಇದ್ದ ಹಾಗೆಯೇ ಹೊಸ ಹಲಗೆಗೆ ಇಳಿಸಿದಳು — ತನ್ನ ಉಗುರಿನ ಬಣ್ಣದಲ್ಲಿ. ಒಳಗಿನ ಸಾಮಾನು ಹೊಸದು, ಕೇರಂ ಬೋರ್ಡಿನ ಪಟ್ಟಿಗಳು ಅವೇ. ರವಿವಾರ ಮುಂಜಾನೆ ಒತ್ತಿದಳು. ಅದೇ ಕುಂಯ್. ಇಲ್ಲಿ ಎಮ್ಮೆಯಿಲ್ಲ, ಪಕ್ಕದ ಮನೆಯವರು ಬಾಗಿಲು ತೆರೆದು ಇಣುಕಿದರು. ನಾನು ಆ ಹುಡುಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೆಟಿಕೆ ಮುರಿದೆ. ಆಗ ಅವಳು ಹೇಳಿದಳು — ಮನ್ಮಥಪ್ಪ ಅವಳಿಗೆ ಸಣ್ಣ ಮುತ್ಯಾ, ಚಿಕ್ಕಜ್ಜ:

“ಆಯಿ, ಸಣ್ಣ ಮುತ್ಯಾ ಒಂದು ಗೆರಿನೂ ತಪ್ಪಿದ್ದಿಲ್ಲ.”

ಅಲ್ಲಿಯೇ ಎಲ್ಲ ಹೇಳಿಬಿಟ್ಟೆ. ಅವಳು ಮೊದಲು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ನಗಲಿಲ್ಲ.

ನಾಳೆ ಮುಂಜಾನೆಯ ಬಸ್ಸಿಗೆ ಭಾಲ್ಕಿಗೆ ಹೊರಟಿದ್ದೇವೆ, ಪೇಟಿ ನನ್ನ ತೊಡೆಯ ಮೇಲೆ. ಅಂಗಡಿಗೆ ಹೋದ ಕೂಡಲೇ ಮುತ್ಯಾನ ಮುಂದೆ ನುಡಿಸಬೇಕೆಂದು ಭಾಗ್ಯಶ್ರೀಯ ಆಸೆ. ನಾನು ಬೇಡವೆಂದೆ. ಮೊದಲು ಸ್ವರ ಕೇಳಿದರೆ ಅವನು ಕುಣಿದಾಡುತ್ತಾನೆ; ಆ ಕುಣಿತದಲ್ಲಿ, “ಇರ್ಲಿ ಬಿಡ್ರಿ ವೈನಿ,” ಎಂದುಬಿಡುತ್ತಾನೆ. ಅಂಥ ಕ್ಷಮೆ ನನಗೆ ಬೇಡ. ಅದಕ್ಕೇ ನಾಲ್ಕೂ ಸೆಲ್ಲು ತೆಗೆದು ನನ್ನ ಎಲೆಅಡಿಕೆಯ ಚಂಚಿಯಲ್ಲಿ ಇಟ್ಟುಕೊಂಡಿದ್ದೇನೆ.

ಮೊದಲು ಹುಣಸೆಹಣ್ಣಿನ ಮಾತು. ನಿನ್ನ ತಲೆಗೆ ನಿಲುಕಿತ್ತು, ನಾನು ಬಲ್ಲೆ, ಅಂದೇ ಬಲ್ಲೆ ಎಂಬ ಮಾತು. ಆಮೇಲೆ ಸೆಲ್ಲುಗಳನ್ನು ಅವನ ಅಂಗೈಯಲ್ಲಿ ಇಡುತ್ತೇನೆ. ಹಾಕುವುದು ಬಿಡುವುದು ಅವನಿಗೆ ಸೇರಿದ್ದು.