ಮಣ್ಣಿನ ಸೈನಿಕರ ನಡುವೆ ಕಳೆದುಹೋದ ಹೆಂಡತಿ

"ಅದೆಲ್ಲಾ ಸರಿ, ಇದ್ರಲ್ಲಿ ನೀನೆಲ್ಲಿದೀಯೇ?"

ಹೋದ ಶನಿವಾರ ನೈರೋಬಿಯ ಕಿಲಿಮಾನಿ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಗೆಳತಿ ಶುಭಾ ಕೇಳಿದ ಪ್ರಶ್ನೆ ಇದು. ಚೀನಾ ಪ್ರವಾಸದ ಫೋಟೋ ತೋರಿಸೋಣವೆಂದು ಅವಳನ್ನೂ ಅವಳ ಗಂಡ ಸತೀಶನನ್ನೂ ಊಟಕ್ಕೆ ಕರೆದಿದ್ದೆವು. ನನ್ನ ಗಂಡ ಪ್ರಕಾಶ್ ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ ಒಂದೇ ಸಮನೆ ತೋರಿಸುತ್ತಿದ್ದ. ಸೈನಿಕ. ಇನ್ನೊಬ್ಬ ಸೈನಿಕ. ತಲೆಯಿಲ್ಲದ ಸೈನಿಕ. ಅತ್ತ ಬಿಸಿಬೇಳೆಬಾತ್ ಆರುತ್ತಿತ್ತು.

ಶುಭಾಳ ಪ್ರಶ್ನೆಗೆ ಪ್ರಕಾಶ್ ಸುಮ್ಮನೆ ಕೆಮ್ಮಿದ. ನಾನು ಕಥೆ ಹೇಳಿದೆ. ನಿಮಗೂ ಹೇಳಿಬಿಡುತ್ತೇನೆ.

ಇಲ್ಲೇ ವೆಸ್ಟ್‌ಲ್ಯಾಂಡ್ಸಿನಲ್ಲಿ ಪ್ರಕಾಶ್ ಕೆಲಸ ಮಾಡುವ ಬ್ಯಾಂಕು ಟ್ರೇನಿಂಗಿಗೆಂದು ಅವನನ್ನು ಚೀನಾಕ್ಕೆ ಕಳಿಸಿತು. ನಾನೂ ಬೆನ್ನು ಹತ್ತಿದೆ. (ನನ್ನ ಟಿಕೆಟ್ ನಮ್ಮದೇ ಖರ್ಚು, ಅನುಮಾನ ಬೇಡ.) ಟ್ರೇನಿಂಗ್ ಮುಗಿದ ಮೇಲೆ ಶಿಯಾನ್‌ಗೆ ಹೋದೆವು. ಎರಡು ಸಾವಿರ ವರ್ಷಕ್ಕೂ ಹಿಂದೆ ಸತ್ತ ಚಕ್ರವರ್ತಿಯೊಬ್ಬನ ಸಮಾಧಿಯ ಕಾವಲಿಗೆ ಹೂತಿಟ್ಟ ಮಣ್ಣಿನ ಸೈನ್ಯ ಅಲ್ಲಿದೆ. ಅಗೆದು ತೆಗೆದ ಗುಂಡಿಗಳಲ್ಲಿ ಸಾಲು ಸಾಲಾಗಿ ಆಳೆತ್ತರದ ಸೈನಿಕರು. ನೋಡಿದ ಕೂಡಲೇ ನನಗೂ ಮಾತು ನಿಂತುಹೋಯಿತು. (ಅಪರೂಪ!)

"ಒಂದು ಮುಖದ ಹಾಗೆ ಇನ್ನೊಂದಿಲ್ಲ ಕಣೇ! ಮೀಸೆ ನೋಡು, ಕಿವಿ ನೋಡು!" ಕಂಬಿಗೆ ಒರಗಿದ ಪ್ರಕಾಶ್ ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ನಾನು ಜನರ ನೂಕಿಗೆ ಸಿಕ್ಕಿ ಮುಂದೆ ಹೋದೆ. ತಿರುಗಿ ನೋಡಿದರೆ ಅವನಿಲ್ಲ.

ಫೋನ್? ನನ್ನದು ನೈರೋಬಿಯ ಸಿಮ್, ಅಲ್ಲಿ ಅದು ಬರೀ ಗಡಿಯಾರ. ಭಾಷೆ? ದೇವರೇ ಗತಿ. ಹೋಟೆಲಿನ ಹೆಸರೂ ನೆನಪಾಗಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ಬಾಗಿಲ ಬಳಿಯ ವಿಚಾರಣೆ ಕೌಂಟರಿಗೆ ಓಡಿದೆ.

ಅಲ್ಲಿ ಆಗಲೇ ನಿಂತಿದ್ದ ನನ್ನ ಗಂಡ, ಬೆವರುತ್ತಾ. ಕೌಂಟರಿನ ಹುಡುಗಿ ಇಂಗ್ಲಿಷಿನಲ್ಲಿ ವಿಚಾರಿಸುತ್ತಿದ್ದಳು. "ನಿಮ್ಮ ಹೆಂಡತಿಯ ಫೋಟೋ ಇದೆಯಾ?"

ಅವನು ಕ್ಯಾಮೆರಾದ ಗುಂಡಿ ಒತ್ತುತ್ತಲೇ ಹೋದ. ಸೈನಿಕ. ಸೈನಿಕ. ಕುದುರೆ.

"ಹೋಗಲಿ, ಯಾವ ಬಣ್ಣದ ಡ್ರೆಸ್?"

"ನೀಲಿ... ಅಲ್ಲ, ಹಸಿರು."

"ಹಳದಿ," ಎಂದೆ ಹಿಂದಿನಿಂದ.

ಚೆನ್ನಾಗಿ ಬೈಯಬೇಕೆಂದಿದ್ದೆ. ಆದರೆ ತಿರುಗಿದವನ ಮುಖ ನೋಡಿ ನುಂಗಿಕೊಂಡೆ. ಬಣ್ಣವೇ ಇಳಿದುಹೋಗಿತ್ತು. "ಎಲ್ಲಿಗ್ಹೋಗಿದ್ಯೇ?" ಅಂದ. ಕ್ಯಾಮೆರಾ ಬ್ಯಾಗಿಗೆ ಸೇರಿತು. ಉಳಿದದ್ದನ್ನೆಲ್ಲ ಕೈ ಹಿಡಿದುಕೊಂಡೇ ನೋಡಿದೆವು. ಮದುವೆಯಲ್ಲಿ ಪುರೋಹಿತರು ಹಿಡಿಸಿದ ಮೇಲೆ ಅವನು ಅಷ್ಟು ಹೊತ್ತು ನನ್ನ ಕೈ ಹಿಡಿದದ್ದು ಅದೇ ಮೊದಲು.

ಕಥೆ ಕೇಳಿದ ಶುಭಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನೀನೂ ಎರಡು ಸಾವಿರ ವರ್ಷ ಮಣ್ಣಲ್ಲಿರ್ಬೇಕಿತ್ತು ಕಣೇ, ಆಗ ತೆಗೀತಿದ್ರು ಫೋಟೋ!"

"ಪೋಲೆ, ಪೋಲೆ," ಎಂದು ಪ್ರಕಾಶ್ ಸ್ವಾಹಿಲಿಯಲ್ಲೇ ಕ್ಷಮೆ ಕೇಳುತ್ತಾ ತಾನೂ ನಕ್ಕ.

ನಗದವನು ಸತೀಶ ಒಬ್ಬನೇ. ಸೋಫಾದ ಮೂಲೆಗೆ ಸರಿದು, ಶುಭಾಳ ಕಡೆ ಕದ್ದು ನೋಡುತ್ತಾ, ತನ್ನ ಫೋನಿನ ಗ್ಯಾಲರಿಯಲ್ಲಿ ಏನನ್ನೋ ಅವಸರದಿಂದ ಹುಡುಕುತ್ತಿದ್ದ.

ನೀವೂ ಹುಡುಕುತ್ತಿದ್ದೀರಾ?