ಎರಡನೆಯ ತಂಬಿಗೆಯ ಸಪ್ಪಳ

ಕಲ್ಲಿನ ಮೇಲೆ ತಾಮ್ರದ ತಂಬಿಗೆ ಇಟ್ಟಾಗ ಆಗುವ ಸಪ್ಪಳದಲ್ಲಿ ಇಷ್ಟೊಂದು ಅರ್ಥ ಅಡಗಿರಬಹುದೆಂದು ಮೂವತ್ತೈದು ವರ್ಷ ತುಂಬುವವರೆಗೆ ನನಗೆ ಗೊತ್ತಿರಲಿಲ್ಲ. ತುಂಬಿದ ತಂಬಿಗೆ 'ದಪ್' ಎಂದು ಗಂಭೀರವಾಗಿ ಕೂರುತ್ತದೆ; ಬರಿದಾದದ್ದು 'ಠಣ್' ಎಂದು ನಗುತ್ತದೆ. ಸಪ್ತಾಪುರದ ನಮ್ಮ ಬಾಡಿಗೆ ಮನೆಯ ಹಿತ್ತಲಿಗೂ ಪಕ್ಕದ ಯೋಹಾನ ಮಾಸ್ತರರ ಹಿತ್ತಲಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆಯೊಂದಿತ್ತು. ದಿನಾಲು ಮುಂಜಾನೆ ಏಳಕ್ಕೆ ಹತ್ತು ನಿಮಿಷ ಇರುವಾಗ ಗೋಡೆಯ ಆಚೆಯಿಂದ ಆ ಬರಿದಾದ ತಂಬಿಗೆಯ ನಗು ಕೇಳಿಬರುತ್ತಿತ್ತು. ಅವರ ಆರು ವರ್ಷದ ಮಗಳು ಸಾರಾ ಸಂಡಾಸಕ್ಕೆ ಹೋಗಿ, ದಿನದ ಮೊದಲನೆಯ ಕರ್ತವ್ಯವನ್ನು ಯಾರ ಒತ್ತಾಯವೂ ಇಲ್ಲದೆ ಮುಗಿಸಿ ಬಂದಳು ಎಂಬುದು ಅದರ ಅರ್ಥ. ಕೇಳಿದ ಕೂಡಲೇ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಮಗಳಿಗೆ ಹೊಟ್ಟೆನೋವು, ಅಪ್ಪನಿಗೆ ಹೊಟ್ಟೆಕಿಚ್ಚು. ನಮ್ಮ ಮನೆತನದ ರೋಗಗಳು ಒಂದೇ ಅಂಗವನ್ನು ಆಶ್ರಯಿಸಿದ್ದವು.

ನನ್ನ ಮಗಳು ಸಿಂಧುವಿಗೂ ಆಗ ಆರೇ ವರ್ಷ. ಅವಳ ತಂಬಿಗೆ ಮಾತ್ರ ಮೂರು ದಿನ, ನಾಲ್ಕು ದಿನ, ಒಮ್ಮೊಮ್ಮೆ ಐದು ದಿನ ಮೌನವ್ರತ ಹಿಡಿಯುತ್ತಿತ್ತು. ನಡುನಡುವೆ ನೋವು. ಕವಡೆ ಆಡುತ್ತಿದ್ದ ಹುಡುಗಿ ಆಟವನ್ನು ಹಾಗೆಯೇ ಬಿಟ್ಟು, ಗೋಡೆಗೆ ಬೆನ್ನು ಹಚ್ಚಿ, ಮೊಣಕಾಲುಗಳನ್ನು ಎದೆಗೆ ಅವಚಿಕೊಂಡು ಕೂತಳೆಂದರೆ ಮನೆಯಲ್ಲಿ ಎಲ್ಲರ ಕೆಲಸವೂ ನಿಲ್ಲುತ್ತಿತ್ತು. "ಎಲ್ಲೆ ನೋಯ್ತದವಾ?" ಎಂದರೆ ಒಂದು ದಿನ ಹೊಕ್ಕಳ ಮೇಲೆ ಬೆರಳಿಡುವಳು, ಇನ್ನೊಂದು ದಿನ ಪಕ್ಕೆಯ ಮೇಲೆ, ಮತ್ತೊಂದು ದಿನ "ಎಲ್ಲಾ ಕಡೆ" ಎಂದು ಅಳುವಳು. ಡಾಕ್ಟರರು ಒತ್ತಿ ನೋಡಿದರು, ಬಡಿದು ನೋಡಿದರು, ನಾಲಗೆ ನೋಡಿದರು, ಕೊನೆಗೆ ಏನೂ ಕಾಣುವುದಿಲ್ಲ ಎಂದರು. ಇದಕ್ಕಿಂತ ಭಯಂಕರವಾದ ರೋಗದ ಹೆಸರು ಜಗತ್ತಿನಲ್ಲಿ ಇನ್ನೊಂದಿಲ್ಲ. ಹೆಸರುಳ್ಳ ರೋಗವನ್ನು ಪುಸ್ತಕದಲ್ಲಿ ಹುಡುಕಬಹುದು. 'ಏನೂ ಕಾಣುವುದಿಲ್ಲ' ಎಂಬುದನ್ನು ಎಲ್ಲಿ ಹುಡುಕುವುದು? ದೀಪಾವಳಿಯವರೆಗೆ ದಾರಿ ನೋಡಿರಿ, ಗುಣವಾಗದಿದ್ದರೆ ಮಿರಜಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ, ಬಹುಶಃ ಹೊಟ್ಟೆ ತೆರೆದೇ ನೋಡಬೇಕಾದೀತು ಎಂದು ಅವರು ಸಾವಧಾನವಾಗಿ ಹೇಳಿದರು. ಅಂಗೈಯಷ್ಟಗಲದ ಹೊಟ್ಟೆ ಅದು. ನನ್ನ ಹೆಂಡತಿ ಅಂದು ಊಟ ಮಾಡಲಿಲ್ಲ.

ಊರೆಲ್ಲ ಉಪ್ಪಿನ ಸತ್ಯಾಗ್ರಹದ ಮಾತನ್ನು ಆಡುತ್ತಿದ್ದ ವರ್ಷ ಅದು. ನಮ್ಮ ಮನೆಯಲ್ಲಿ ಮಾತ್ರ ಔಡಲೆಣ್ಣೆಯದೇ ಮಾತು. ನನ್ನ ತಾಯಿ ಹಿಂಗು ತೇಯ್ದು ಹೊಕ್ಕಳ ಸುತ್ತ ಹಚ್ಚಿದಳು. ಹೆಂಡತಿ ಅಂಜೂರ ನೆನೆಹಾಕಿದಳು. ಹಾಲು ಮಾರುವ ಮುದುಕಿ ಹೊಕ್ಕಳು ಸರಿದಿದೆಯೆಂದು ಹೇಳಿ, ಎಳೆದು ಕೂರಿಸಲು ಹೋಗಿ, ಸಿಂಧುವಿನಿಂದ ಕೈ ಕಚ್ಚಿಸಿಕೊಂಡಳು. ಪುಣೆಯಲ್ಲಿ ಎಂ.ಎ. ಮಾಡಿ, ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ನಾನು ಇವುಗಳಲ್ಲಿ ಯಾವುದನ್ನೂ ನಂಬಲಿಲ್ಲ, ಯಾವುದನ್ನೂ ಬೇಡವೆನ್ನಲೂ ಇಲ್ಲ. ನಾನು ಶ್ರದ್ಧೆಯಿಂದ ಮಾಡಿದ ಕೆಲಸ ಒಂದೇ: ಅಸೂಯೆಪಟ್ಟೆ. ನಮ್ಮ ಕಾಲೇಜಿನ ಸಂಸ್ಕೃತದ ಪಂಡಿತರಿಗೆ ಐದು ಮಕ್ಕಳು, ಐದೂ ರೈಲಿನ ವೇಳಾಪತ್ರಿಕೆಯಂತೆ ನಡೆಯುವವು. ಅವರನ್ನು ಕಂಡರೆ ನಮಸ್ಕಾರ ಮಾಡಲು ಕೈ ಏಳದಾಯಿತು. ಓಣಿಯಲ್ಲಿ ನಡೆಯುತ್ತಲೇ, ಮೆಲುಕು ಹಾಕುವುದನ್ನೂ ನಿಲ್ಲಿಸದೆ, ನಿರಾಯಾಸವಾಗಿ ರಸ್ತೆಯನ್ನು ಅಲಂಕರಿಸುತ್ತ ಹೋಗುವ ಎಮ್ಮೆಗಳನ್ನು ನಿಂತು ನೋಡುತ್ತಿದ್ದೆ. ಓದುಗ ಮಿತ್ರರೇ, ನೀವು ಮತ್ತೊಬ್ಬರ ಸಂಪತ್ತಿಗೋ ಪಾಂಡಿತ್ಯಕ್ಕೋ ಕರುಬಿರಬಹುದು. ಎಮ್ಮೆಗೆ ಕರುಬಿದವನ ದೈನ್ಯ ನಿಮಗೆ ತಿಳಿಯದು.

ಇವುಗಳ ಜೊತೆಗೆ ನನ್ನದೂ ಒಂದು ಶಾಸ್ತ್ರೀಯ ಪದ್ಧತಿ ಇತ್ತು. ಮಗಳ ದಿನಚರಿಯನ್ನು ಶಿಸ್ತಿಗೆ ತರಲೆಂದು ಹಿಂದೆಯೇ ಒಂದು ನೋಟುಬುಕ್ಕು ಮಾಡಿದ್ದೆ. ಬೆಳಗಿನ ಐದೂವರೆಗೆ ಸಿಂಧುವನ್ನು ಎಬ್ಬಿಸಿ ಸಂಡಾಸಕ್ಕೆ ಕಳಿಸಿ, ಬಾಗಿಲ ಹೊರಗೆ ಗಡಿಯಾರ ಹಿಡಿದು ನಿಲ್ಲುತ್ತಿದ್ದೆ. ಎರಡು ನಿಮಿಷಕ್ಕೊಮ್ಮೆ "ಆತೇನವಾ?" ಎನ್ನುವುದು. ಒಳಗಿನಿಂದ ನಿದ್ದೆಗಣ್ಣಿನ ದನಿಯಲ್ಲಿ "ಇಲ್ಲಪ್ಪಾ." ಹತ್ತು ನಿಮಿಷಕ್ಕೆ ನೋಟುಬುಕ್ಕಿನಲ್ಲಿ 'ಇಲ್ಲ' ಎಂದು ಬರೆಯುವುದು. ಆಮೇಲೆ ಅವಳಿಗೆ ಜಳಕ, ಹಾಲು, ಜಡೆ, ಉಡಲು ಒಗೆದ ಪರಕಾರ. ಏಳರ ಹೊತ್ತಿಗೆ ಸಾರಾಳ ಜೊತೆ ಮಗ್ಗಿ ಹೇಳಲು ಅವಳು ಪಕ್ಕದ ಮನೆಗೆ ಓಡುವಳು. ಅಷ್ಟರಲ್ಲಿ ಆಚೆಯಿಂದ ಠಣ್.

ನನಗೆ ಹೆಚ್ಚು ನೋವಾದದ್ದು ಇದರಿಂದ: ನಾನು ಚಿಕ್ಕವನಿದ್ದಾಗ ಹೀಗಿರಲಿಲ್ಲ. ಸೂರ್ಯ ತಡವಾದರೂ ನಾನು ತಡವಾದವನಲ್ಲ ಎಂಬುದು ನನಗೆ ಸ್ಪಷ್ಟವಾಗಿ ನೆನಪಿತ್ತು. ತಾಯಿಯ ಮುಂದೆ ಒಮ್ಮೆ ಇದನ್ನು ಹೆಮ್ಮೆಯಿಂದ ಹೇಳಿದಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ನೀನಾ? ನೀ ಕಂಬಾ ಹಿಡಕೊಂಡು ಚೀರತಿದ್ದಿ. ಓಣಿ ಮಂದಿ ಎಲ್ಲಾ ಕೂಡತಿದ್ರು. ಅದು ನಿಮ್ಮಣ್ಣನ ಸುದ್ದಿ."

ಅಣ್ಣನ ಸುದ್ದಿಯನ್ನು ನನ್ನದೆಂದು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೆನೆ? ಇಲ್ಲವೆ ತಾಯಿಯೇ ನಮ್ಮಿಬ್ಬರನ್ನು ಅದಲುಬದಲು ಮಾಡಿದ್ದಳೆ? ಕೇಳೋಣವೆಂದರೆ ಅಣ್ಣ ಬೆಳಗಾವಿಯಲ್ಲಿ ವಕೀಲ; ಇಂಥ ವಿಷಯಕ್ಕೆ ಪತ್ರ ಬರೆಯುವುದು ಹೇಗೆ? ಆದರೆ ಅಂದಿನಿಂದ ಸಾರಾಳ ಜೊತೆಗೆ ಅಣ್ಣನ ಮೇಲೂ ಹೊಟ್ಟೆಕಿಚ್ಚು ಆರಂಭವಾಯಿತು. ನನ್ನ ನೆನಪಿನ ಮೇಲಿದ್ದ ವಿಶ್ವಾಸ ಮಾತ್ರ ಹೋಯಿತು. ನೆನಪು ಸುಳ್ಳಾಡಬಹುದು, ನೋಟುಬುಕ್ಕು ಆಡದು ಎಂದು ಸಮಾಧಾನ ತಂದುಕೊಂಡೆ.

ದಸರೆ ಮುಗಿದ ಮೇಲೆ ಎರಡು ವಿಚಿತ್ರಗಳು ಕಂಡವು. ಒಂದು, ಆಚೆಯ ಹಿತ್ತಲಿನಲ್ಲಿ ಮುಂಜಾನೆ ಎರಡು ಸಲ ತಂಬಿಗೆ ನಗತೊಡಗಿತು. ಏಳಕ್ಕೆ ಹತ್ತು ನಿಮಿಷ ಇರುವಾಗ ಒಮ್ಮೆ, ಏಳು ಹೊಡೆದು ಐದು ನಿಮಿಷಕ್ಕೆ ಇನ್ನೊಮ್ಮೆ. ದೇವರೇ, ಆ ಹುಡುಗಿಗೆ ಎರಡು ಸಲ! ಉಳ್ಳವರಿಗೇ ಮತ್ತೂ ಕೊಡುವ ನಿನ್ನ ಪದ್ಧತಿ ಸಂಡಾಸಕ್ಕೂ ಅನ್ವಯಿಸುತ್ತದೆಯೆ ಎಂದು, ನಂಬದ ದೇವರನ್ನೂ ನಿಂದಿಸಿದೆ. ಎರಡನೆಯದು ಇದಕ್ಕಿಂತ ವಿಚಿತ್ರ: ಸಿಂಧುವಿನ ನೋವು ನಿಂತಿತು. ಮುಖದಲ್ಲಿ ಕಳೆ ಬಂತು, ಭಕ್ರಿ ಕೇಳಿ ತಿನ್ನತೊಡಗಿದಳು. ಆದರೆ ನೋಟುಬುಕ್ಕಿನಲ್ಲಿ ಮಾತ್ರ ಇಲ್ಲ, ಇಲ್ಲ, ಇಲ್ಲ; ಹನ್ನೆರಡು ದಿನ 'ಇಲ್ಲ'ಗಳು ಇರುವೆಯ ಸಾಲಿನಂತೆ ಇಳಿದಿದ್ದವು. ಹನ್ನೆರಡು ದಿನ ಹೋಗದ ಮಗು ಕುಣಿದಾಡುವುದು ಸಾಧ್ಯವೆ? ತರ್ಕದಲ್ಲಿ ಇದಕ್ಕೆ ಸ್ಥಳವಿಲ್ಲ. ದೀಪ ಆರುವ ಮೊದಲು ಒಮ್ಮೆ ಉಜ್ವಲವಾಗಿ ಉರಿಯುತ್ತದೆ ಎಂಬ ಗಾದೆ ನೆನಪಾಗಿ ಡಾಕ್ಟರರ ಮನೆಗೆ ಓಡಿದೆ. ಡಾಕ್ಟರರು ಊರಲ್ಲಿರಲಿಲ್ಲ. ದೀಪಾವಳಿಯ ದಾರಿ ಕಾಯುವುದು ಬೇಡ, ಮರುದಿನವೇ ಮಿರಜಿಗೆ ಹೊರಡುವುದೆಂದು ನಿಶ್ಚಯಿಸಿ ಟಾಂಗಾದವನಿಗೆ ಹೇಳಿಬಂದೆ.

ಮರುದಿನ ಮುಂಜಾನೆ ಹಿತ್ತಲ ಕಟ್ಟೆಯ ಮೇಲೆ ಹಾಸಿಗೆ ಕಟ್ಟುತ್ತಿದ್ದಾಗ ಗೋಡೆಯ ಮೇಲಿಂದ ಯೋಹಾನ ಮಾಸ್ತರರ ಹೆಂಡತಿ ಮಾರ್ತಾಬಾಯಿಯ ತಲೆ ಕಂಡಿತು.

"ಮಾಸ್ತರ್ರ, ಕೂಸಿನ್ನ ಮಿರಜಿಗೆ ಕರಕೊಂಡು ಹೊಂಟೀರಂತ? ಯಾಕ್ರಿ, ಏನಾಗೇತಿ?"

ಹೆಂಗಸಿನ ಮುಂದೆ ಈ ವಿಷಯವನ್ನು ಯಾವ ಶಬ್ದದಲ್ಲಿ ಹೇಳುವುದೆಂದು ತಡವರಿಸಿ, "ಹನ್ನೆರಡು ದಿವಸಾತ್ರಿ, ಹೊರಕಡಿಗೆ ಆಗಿಲ್ಲ" ಎಂದೆ.

ಆಕೆ ಬಾಯಿಗೆ ಸೆರಗು ಹಿಡಿದರು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು.

"ಅಯ್ಯ, ದಿನಾ ಆಗಾಕತ್ತೇತ್ರಿ! ನಮ್ಮಲ್ಲೆ! ಸಾರಾ ಹೋಗಿ ಬಂದಕೂಡ್ಲೇ ಇಕಿ ಹೋಗತಾಳ. ನಿಮಗ ಗೊತ್ತೈತಿ ಅಂತ ತಿಳದಿದ್ನಿ."

ನಾನು ಕಟ್ಟಿದ ಹಾಸಿಗೆಯ ಮೇಲೆಯೇ ಕೂತೆ. ಹನ್ನೆರಡು ದಿನ ನಾನು ಹಲ್ಲು ಕಚ್ಚಿ ಕರುಬಿದ ಆ ಎರಡನೆಯ ಸಪ್ಪಳ ನನ್ನ ಮಗಳದೇ ಆಗಿತ್ತು. ಸಂತೋಷವಾಗಬೇಕಿತ್ತು, ಆಯಿತು ಕೂಡ, ಕಣ್ಣು ಹನಿಗೂಡುವಷ್ಟು. ಆದರೆ ಆ ಹನಿಯ ಹಿಂದೆಯೇ ಹಳೆಯ ಬೆಂಕಿ ಹೊಸ ಕಟ್ಟಿಗೆ ಹುಡುಕಿಕೊಂಡು ಬಂತು. ನಮ್ಮ ಮನೆಯ ಅಂಜೂರ, ಹಿಂಗು, ಔಡಲೆಣ್ಣೆ, ಗಡಿಯಾರ, ಎಂ.ಎ. ಪದವಿ ಇವೆಲ್ಲವುಗಳಿಂದ ಆಗದ್ದು ಪಕ್ಕದ ಮನೆಯ ಸಂಡಾಸದಿಂದ ಆಗಿತ್ತು!

ಸಿಂಧುವನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡೆ. "ಮನ್ಯಾಗ ಯಾಕ ಹೋಗೂದಿಲ್ಲವಾ?"

"ನಸಕಿನ್ಯಾಗ ಬರೂದs ಇಲ್ಲಪ್ಪಾ. ಹಾಲು ಕುಡದ ಮ್ಯಾಲೆ ಬರ್ತದ. ಅಷ್ಟರಾಗ ಜಳಕ ಆಗಿರ್ತದ." ಇಷ್ಟೂ ತಿಳಿಯದೆ ಎಂಬಂತೆ ನೋಡಿದಳು. "ಜಳಕ ಆದಮ್ಯಾಲೆ ಹೋದ್ರ ಎಲ್ಲಾ ಅರಿವಿ ಬಿಚ್ಚಬೇಕು, ಮತ್ತ ಜಳಕ, ಮತ್ತ ಜಡಿ. ಅಜ್ಜಿ ಮತ್ತ ನೀರು ಕಾಸಬೇಕು. ಅಕಿ ಸೊಂಟ ನೋಯ್ತದ. ಅದಕ್ಕ ತಡಕೋತಿದ್ದೆ."

"ಮತ್ತ ಅಲ್ಲೆ?"

"ಅಲ್ಲೆ ಕಾಲ ತೊಳಕೊಂಡ್ರ ಆತು. ಮಾರ್ತಾ ಮಾವಶಿ ಆತೇನು, ಆತೇನು ಅನ್ನೂದಿಲ್ಲ."

ಅಜ್ಜಿಯ ಸೊಂಟಕ್ಕಾಗಿ ತನ್ನ ಹೊಟ್ಟೆಯನ್ನು ಬಿಗಿಹಿಡಿದಿದ್ದಳು. ಅದನ್ನು ನಾನು ರೋಗವೆಂದು ಬರೆದಿಟ್ಟಿದ್ದೆ.

ಟಾಂಗಾದವನನ್ನು ತಿರುಗಿ ಕಳಿಸಿದೆ. ಇನ್ನು ಸುಮ್ಮನಿರಬೇಕಿತ್ತು. ಆದರೆ ಕಾಲೇಜು ಕಲಿತವನಿಗೆ ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ ಊಟ ಸೇರುವುದಿಲ್ಲ. ಅಡಿಗೆಮನೆಗೆ ಹೋಗಿ, ಎಲ್ಲಕ್ಕೂ ನಿನ್ನ ಮಡಿ-ಮೈಲಿಗೆಯೇ ಕಾರಣ, ನಸುಕಿನಲ್ಲಿ ಜಳಕ ಮಾಡಿಸುವ ಹಟ ನೀನು ಹಿಡಿಯದಿದ್ದರೆ ಮಗು ವರ್ಷಗಟ್ಟಲೆ ನರಳುತ್ತಿರಲಿಲ್ಲ ಎಂದು ತಾಯಿಯ ಮುಂದೆ ಒಂದು ಉಪನ್ಯಾಸವನ್ನೇ ಕೊಟ್ಟೆ. ಅವಳು ಒಲೆಯಿಂದ ಮುಖ ತಿರುಗಿಸದೆ ಹೇಳಿದಳು:

"ನಸಕಿನ್ಯಾಗ ಜಳಕಾ ಹಚ್ಚಿದಾಂವಾ ನೀನು. ಮೊದಲ ಹೊರಕಡಿ, ಆಮ್ಯಾಲೆ ಜಳಕ, ಕೂಸಿನ್ನ ಮಲಗಗೊಡು ಅಂತ ನಾ ಬಡಕೊಂಡೆ. ಇಂಗ್ಲೀಷ್ ಪುಸ್ತಕದಾಗ ಬರದದ ಅಂದಿ."

ಇದು ಸುಳ್ಳು. ನನಗೆ ಸ್ಪಷ್ಟವಾಗಿ ನೆನಪಿತ್ತು. ಸಿಟ್ಟಿನಿಂದ ನೋಟುಬುಕ್ಕನ್ನು ತಂದು ಮೊದಲನೆಯ ಪುಟ ತೆರೆದೆ. ನನ್ನದೇ ಅಕ್ಷರ, ನನ್ನದೇ ನೀಲಿ ಮಸಿ: 'ಇಂದಿನಿಂದ ಪ್ರಾತಃಸ್ನಾನ. ತಾಯಿಯ ವಿರೋಧವಿದೆ. ಲಕ್ಷಿಸತಕ್ಕದ್ದಲ್ಲ.' ಅದರ ಮುಂದಿನ ವಾರದಲ್ಲಿ ಮೊದಲನೆಯ ಬಾರಿಗೆ 'ಹೊಟ್ಟೆನೋವು' ಎಂಬ ಶಬ್ದವಿತ್ತು. ನೋಟುಬುಕ್ಕು ಸುಳ್ಳಾಡುವುದಿಲ್ಲ, ಅದನ್ನು ಬರೆಯುವವನು ಹಿಂದಿನ ಪುಟ ತಿರುವಿ ನೋಡುವುದಿಲ್ಲ, ಅಷ್ಟೇ.

ಪುಟವನ್ನು ಮುಚ್ಚಿ, ಮೆತ್ತಗೆ, "ಅಕಿ ಆಕಡೆ ಮನ್ಯಾಗ ಹೋಗಿ ಬರ್ತಾಳಂತ, ಗೊತ್ತದೇನು?" ಎಂದು ಕೇಳಿದೆ. ತನ್ನ ಮಡಿಯನ್ನು ಅರವತ್ತು ವರ್ಷ ಕಾಪಾಡಿಕೊಂಡು ಬಂದ ನನ್ನ ತಾಯಿ ಕಿರಿಸ್ತರ ಮನೆಯ ಸಂಡಾಸದ ಸುದ್ದಿ ಕೇಳಿ ಏನೆನ್ನುವಳೋ ಎಂಬ ಅಳುಕಿತ್ತು.

"ಈ ಖಿಡಕಿಯೊಳಗ ಎಲ್ಲಾ ಕಾಣಸ್ತದ" ಎಂದಳು.

"ಮತ್ತ ಯಾಕ ಹೇಳಲಿಲ್ಲ?"

"ಹೊಟ್ಟಿ ಹಗರಾಗಿ ಕುಣಕೋತ ಬರ್ತಿತ್ತು ಕೂಸು. ನಾ ಏನೂ ನೋಡಿಲ್ಲ. ನೋಡೀನಿ ಅಂದ್ರ ಜಳಕಾ ಮಾಡಸಬೇಕಾಗ್ತದ." ಒಲೆಗೆ ಕಟ್ಟಿಗೆ ಸರಿಸಿ, "ನಿನ್ನ ಹೆಂಡತೀನೂ ನೋಡಿಲ್ಲ" ಎಂದಳು. ಬಾಗಿಲ ಹಿಂದೆ ಬಳೆಗಳು ಸದ್ದುಮಾಡಿದವು.

ಮಿರಜಿನ ಮಾತನ್ನು ನಾನು ಮನೆಯಲ್ಲಿ ಹೇಳಿದ್ದು ಹಾಸಿಗೆ ಕಟ್ಟುವಾಗ. ಮಾರ್ತಾಬಾಯಿಗೆ ಸುದ್ದಿ ಅಷ್ಟು ಬೇಗ ಮುಟ್ಟಿಸಿದ್ದು ಆ ಬಳೆಗಳ ಕೈಯೇ ಎಂದು ಆಗ ಹೊಳೆಯಿತು. ಮೂರು ಹೆಂಗಸರು, ಇಬ್ಬರು ಹುಡುಗಿಯರು ಕೂಡಿ ಗುಣಪಡಿಸಿದ ರೋಗವನ್ನು ನಾನೊಬ್ಬನೇ ಗಡಿಯಾರ ಹಿಡಿದು ಕಾಯುತ್ತಿದ್ದೆ. ಅವರೆಲ್ಲರ ಆ ಒಪ್ಪಂದಕ್ಕೆ ನಾನು ಕರುಬಿದಷ್ಟು ಎಮ್ಮೆಗೂ ಕರುಬಿಲ್ಲ.

ಮರುದಿನದಿಂದ ಸಿಂಧು ಬೆಳಕು ಹರಿದ ಮೇಲೆ ಏಳತೊಡಗಿದಳು. ಮೊದಲು ಹಾಲು, ಜಳಕ ಆಮೇಲೆ. ಗಡಿಯಾರ ಗೂಟಕ್ಕೆ ಹೋಯಿತು. ಆದರೂ ಒಂದು ವಾರ ಅವಳು ಆಚೆಯ ಹಿತ್ತಲಿಗೇ ಹೋದಳು. ನಾನು ಪಡಸಾಲೆಯಲ್ಲಿ ಪತ್ರಿಕೆಯನ್ನು ಮುಖಕ್ಕೆ ಹಿಡಿದು, ದೇಶದ ಸುದ್ದಿಯ ಒಂದಕ್ಷರವನ್ನೂ ಓದದೆ, ಗೋಡೆಯಾಚೆಯ ಸಂಡಾಸದ ಸೌಭಾಗ್ಯವನ್ನು ನೆನೆಯುತ್ತ ಕೂರುತ್ತಿದ್ದೆ. ಎಂಟನೆಯ ದಿನ ಆಚೆ ಒಂದೇ ಸಲ ಠಣ್ ಎಂದಿತು. ಸ್ವಲ್ಪ ಹೊತ್ತಿಗೆ ನಮ್ಮ ಹಿತ್ತಲಿನ ಸೀಳುಬಿಟ್ಟ ಕಲ್ಲಿನ ಮೇಲೆ ಇನ್ನೊಂದು. ನಮ್ಮ ಕಲ್ಲು ಅಲುಗುವುದರಿಂದ ಅದರ ಹಿಂದೆಯೇ ಒಂದು 'ಟಕ್'. ನಾನು ಏಳಲಿಲ್ಲ, ಆತೇನವಾ ಎನ್ನಲಿಲ್ಲ. ಪತ್ರಿಕೆಯ ಪುಟವನ್ನು ತಿರುವಿದೆ.

ಮಧ್ಯಾಹ್ನ ಮಾರ್ತಾಬಾಯಿ ಗೋಡೆಯ ಹತ್ತಿರ ಬಂದರು. "ಇವತ್ತ ನಿಮ್ಮ ಸಿಂಧೂ ಬರಲೇ ಇಲ್ಲಲ್ರಿ ಮಾಸ್ತರ್ರ. ಸಾರಾ ದಾರಿ ಕಾಯ್ದ್ಲು. ಅರಾಮ ಅದಾಳಿಲ್ಲೋ?"

ಅರಾಮ ಇದ್ದಾಳೆ, ಇಲ್ಲೇ ಆಯಿತು ಎಂದೆ. "ಛಲೋ ಆತು ಬಿಡ್ರಿ" ಎಂದರು. ನಿಜವಾಗಿಯೂ ಛಲೋ ಆಯಿತೆಂದೇ ಅವರ ಭಾವನೆ. ಆದರೆ ಆ ದನಿಯ ತಳದಲ್ಲಿ ಏನೋ ಒಂದು ಸಣ್ಣಗೆ ಹೊಗೆಯಾಡುತ್ತಿತ್ತು. ಆ ಹೊಗೆಯ ವಾಸನೆ ನನಗೆ ಚೆನ್ನಾಗಿ ಗೊತ್ತು. ವರ್ಷಾನುಗಟ್ಟಲೆ ನನ್ನ ಮನೆಯದೇ ಆಗಿತ್ತು. ಅದು ಪ್ರೀತಿ ಇದ್ದಲ್ಲಿಯೇ ಏಳುತ್ತದೆ ಎಂದು ತಿಳಿದು ಮೊದಲ ಬಾರಿಗೆ ನನ್ನ ಮೇಲೆ ನನಗೆ ಅಷ್ಟಾಗಿ ನಾಚಿಕೆಯಾಗಲಿಲ್ಲ. "ನಾಳೆ ಮಗ್ಗಿ ಹೇಳಲಿಕ್ಕೆ ಲಗೂನ ಕಳಸತೇನ್ರಿ" ಎಂದೆ.

ಈಗಲೂ ಮುಂಜಾನೆ ಎರಡು ತಂಬಿಗೆಗಳ ಸಪ್ಪಳ ಕೇಳುತ್ತದೆ, ಒಂದು ಆಚೆಯಿಂದ, ಒಂದು ಈಚೆಯಿಂದ. ಇವತ್ತು ಮೊದಲು ಬಂದದ್ದು ಯಾವುದೋ ನನಗೆ ನೆನಪಿಲ್ಲ. ಬರೆದಿಟ್ಟಿಲ್ಲ.